ಎರ್ರಿಸ್ವಾಮಿಯ ಒಂಟಿಗಣ್ಣಿನ ಗುರಿ

ಆದೋನಿಯನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಕರ್ನೂಲಿಗೆ ಸೇರಿಸಿದ ಮರುವರ್ಷ ಎರ್ರಿಸ್ವಾಮಿಯ ಬಲಗಣ್ಣು ಹೋಯಿತು. ಅವನು ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ, ಅಂದರೆ ಒತ್ತಿದ ಹತ್ತಿಯ ಮೂಟೆ, ಕಟ್ಟುವ ಆಳು. ಬಿಗಿಯುತ್ತಿದ್ದ ಕಬ್ಬಿಣದ ಪಟ್ಟಿ ತಟ್ಟನೆ ಬಿಚ್ಚಿಕೊಂಡು ಮುಖಕ್ಕೆ ಬಡಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದವನು ಹೆಂಡತಿ ಬಸವಕ್ಕನನ್ನು ಕೇಳಿದ ಮೊದಲ ಮಾತು, "ಗೋದಾಮು ಖಾಲಿ ಆತೇನು?"

ಹತ್ತಿಯೆಲ್ಲ ರೈಲು ಹತ್ತಿ ಹೋದ ಮೇಲೆ ಆ ದೊಡ್ಡ ಗೋದಾಮು ಕೂಲಿಗಳ ಪಾಲಿಗೆ ಆಟದ ಬಯಲು. ಎರಡು ತುದಿಯ ಗೋಡೆಗಳ ಮೇಲೆ ಸುಣ್ಣದಲ್ಲಿ ಗೋಲು ಬರೆದು, ಪಕ್ಕಕ್ಕೆ ಐವರಂತೆ ಫುಟ್‌ಬಾಲ್ ಆಡುತ್ತಿದ್ದರು. ಜಾಗ ಇಕ್ಕಟ್ಟು. ಚೆಂಡು ಕಾಲಿಗೆ ಬಂದು ಉಸಿರೆಳೆಯುವಷ್ಟರಲ್ಲಿ ಎದುರಾಳಿ ಮೈಮೇಲಿರುತ್ತಿದ್ದ. ಅಲ್ಲಿ ಎರ್ರಿಸ್ವಾಮಿಯಷ್ಟು ಚುರುಕಾಗಿ ಗೋಲು ಹೊಡೆಯುವವರು ಇನ್ನೊಬ್ಬರಿರಲಿಲ್ಲ.

ಈಗ ಅವನು ಹೊಡೆದದ್ದೆಲ್ಲ ಗೋಲು ಕಾಯುವ ಗೋಲಿ ಅಂಜಿನಪ್ಪನ ಕೈಗೇ ಹೋಗತೊಡಗಿತು. ಒಂದು ಸಂಜೆ ಎರ್ರಿಸ್ವಾಮಿ ರೇಗಿಬಿಟ್ಟ. "ನಿನಗ ಮೊದ್ಲ ಹ್ಯಾಂಗ ಗೊತ್ತಾಗ್ತೈತಲೇ?"

ಅಂಜಿನಪ್ಪ ಗೆಳೆಯನಿಂದ ಮುಚ್ಚಿಡಲಿಲ್ಲ. "ಒಂದು ಕಣ್ಣಿಲ್ಲ ಅಂತ ನೀ ಇಡೀ ತಲಿ ತಿರುಗಿಸಿ ಗೋಲಿನ ಮೂಲಿ ನೋಡ್ತೀ. ಆಮ್ಯಾಲ ಹೊಡಿತೀ. ನಾ ಅಲ್ಲೇ ಹೋಗಿ ನಿಂದ್ರತೀನಿ. ಬ್ಯಾಸರ ಮಾಡ್ಕೋಬ್ಯಾಡ, ಈ ವರ್ಷ ಬಿಟ್ಟುಬಿಡು."

"ಬಿಡಾಕ ಬಂದಿಲ್ಲ," ಎಂದ ಎರ್ರಿಸ್ವಾಮಿ.

ಮರುದಿನದಿಂದ ಕೆಲಸ ಮುಗಿದ ಕೂಡಲೇ ಬಸವಕ್ಕ ಸೀರೆ ಎತ್ತಿ ಕಟ್ಟಿ ಸುಣ್ಣದ ಗೀಟುಗಳ ನಡುವೆ ಗಂಡನಿಗೆ ಗೋಲಿಯಾಗಿ ನಿಂತಳು. ಬೀಜ ಬಿಡಿಸುವ ಜಿನ್ನಿನಲ್ಲಿ ಹತ್ತಿ ಆರಿಸುವ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು. ಆಕೆ ಕ್ಯಾರೇ ಅನ್ನಲಿಲ್ಲ. ಎರ್ರಿಸ್ವಾಮಿ ಚೆಂಡನ್ನು ಪಕ್ಕದ ಗೋಡೆಗೆ ಒದ್ದು, ಅದು ತಿರುಗಿ ಬರುವಷ್ಟರಲ್ಲಿ ತಲೆಯೆತ್ತಿ ಆಕೆಯ ಕಾಲನ್ನು ನೋಡುತ್ತಿದ್ದ. ಭಾರ ಯಾವ ಕಾಲಿನ ಮೇಲಿದೆ ಎಂದು ತಿಳಿದರೆ ಸಾಕು, ಆ ಕಡೆಗೆ ಆಕೆ ಬೇಗ ಹಾರಲಾರಳು. ಮುಂದೆ ಕಣ್ಣು ಚೆಂಡಿನ ಮೇಲೆ ಮಾತ್ರ. ಮೊದಮೊದಲು ಚೆಂಡು ತಪ್ಪಿ ಮೊಣಕಾಲಿಗೆ ಬಡಿಯಿತು. ಕಾಲು ಗಾಳಿಯನ್ನು ಒದೆಯಿತು. ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಒಂದು ಹೊಡೆತ ಬಸವಕ್ಕನ ಎಡಗಡೆಯಿಂದ ಸರ್ರನೆ ಹೋಗಿ ಗೋಡೆಗೆ ಅಪ್ಪಳಿಸಿತು.

"ನೋಡ್ಲೇ ಇಲ್ಲಲ್ಲ ನೀ!" ಎಂದಳು ಆಕೆ.

"ನೋಡೀನಿ. ಚೆಂಡು ಬರೂಕಿಂತ ಮೊದ್ಲ."

ಎಮ್ಮಿಗನೂರಿನ ನೇಕಾರರ ತಂಡ ಪಂದ್ಯಕ್ಕೆ ಬಂದಾಗ ಪ್ರೆಸ್ಸಿನ ತಂಡದ ನಾಯಕ ಸೋಮಶೇಖರಪ್ಪ ಎರ್ರಿಸ್ವಾಮಿಯನ್ನು ಇಳಿಸಲು ಹಿಂದೆಮುಂದೆ ನೋಡಿದ. "ಒಂದು ಸಲ ಇಳಸ್ರಿ ಅಣ್ಣಾ. ಕೆಟ್ಟದಾಗಿ ಆಡಿದ್ರ ನಾನ ಹೊರಗ ಬರ್ತೀನಿ," ಎಂದ ಎರ್ರಿಸ್ವಾಮಿ. ಅವನು ಇಳಿದ. ಮೊದಲ ಹೊಡೆತ ಸೂರಿನ ತಗಡಿಗೆ ಬಡಿದು ಇಡೀ ಗೋದಾಮು ಗಡಗಡ ಎಂದಿತು. ನೇಕಾರನೊಬ್ಬ "ವಾಡಿಕಿ ಗೋಲು ಪೈನುಂದಿರಾ!" ಎಂದು ತೆಲುಗಿನಲ್ಲಿ ಕೂಗಿ, ಇವನಿಗೆ ಗೋಲು ಮೇಲಿದೆಯೆಂದು ನಗಿಸಿದ. ಎರ್ರಿಸ್ವಾಮಿ ಹಲ್ಲು ಕಚ್ಚಿ ಜಾಗಕ್ಕೆ ಮರಳಿದ. ಎರಡನೆಯ ಸಲ ಚೆಂಡು ಬರುವ ಮೊದಲೇ ತಲೆಯೆತ್ತಿದ. ನೇಕಾರರ ಗೋಲಿಯ ಭಾರ ಬಲಗಾಲಿನ ಮೇಲಿತ್ತು. ಆ ಕಾಲಿನ ಪಕ್ಕಕ್ಕೇ ಹೊಡೆದ. ಗೋಲಾಯಿತು.

ಕೊನೆಯಲ್ಲಿ ಎರಡೂ ಕಡೆ ಸಮನಾಗಿದ್ದಾಗ ಚೆಂಡು ಮತ್ತೆ ಅವನಿಗೇ ಬಂತು. "ಹೊಡಿ! ಹೊಡಿ!" ಎಂದು ಎಲ್ಲರೂ ಕೂಗಿದರು. ಅವನು ನೋಡಿಯಾಗಿತ್ತು: ಗೋಲಿ ಈ ಸಲ ಎರಡೂ ಕಾಲೂರಿ ಯಾವ ಕಡೆಗಾದರೂ ಹಾರಲು ಸಿದ್ಧನಾಗಿದ್ದ, ಆಚೆ ತಮ್ಮ ತಂಡದ ಮಾರಣ್ಣ ಒಬ್ಬನೇ ಇದ್ದ. ಎರ್ರಿಸ್ವಾಮಿ ಹೊಡೆಯಲಿಲ್ಲ. ಚೆಂಡನ್ನು ಮಾರಣ್ಣನತ್ತ ಮೆಲ್ಲಗೆ ತಳ್ಳಿದ. ಮಾರಣ್ಣ ಅದನ್ನು ಗೋಲಿನ ಗೀಟುಗಳ ನಡುವೆ ಗೋಡೆಗೆ ಬಡಿದ.

ಜನ ಮಾರಣ್ಣನನ್ನು ಹೆಗಲ ಮೇಲೆ ಹೊತ್ತರು. ಸೋಮಶೇಖರಪ್ಪ ಮಾತ್ರ ಎರ್ರಿಸ್ವಾಮಿಯ ಬಳಿ ಬಂದು, "ನಾಳಿನೂ ಬಾಪ್ಪಾ," ಎಂದ.

ಮನೆಗೆ ನಡೆಯುವಾಗ ಎರ್ರಿಸ್ವಾಮಿಯ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. "ಬಲಗಡಿಯಿಂದ ಬಂದವ್ರು ಇನ್ನೂ ಕಾಣಾಂಗಿಲ್ಲ. ಎರಡು ಸಲ ಚೆಂಡು ಕಸಗೊಂಡ್ರು. ನಾಳಿಂದ ನೀ ಆ ಕಡಿಯಿಂದ ಓಡಿ ಬರಬೇಕು."

"ಬರ್ತೀನಿ. ಡಿಕ್ಕಿ ಹೊಡದ್ರ ಬೈಬ್ಯಾಡ ಮತ್ತ," ಎಂದಳು ಬಸವಕ್ಕ.