ಖಾಯಂ ಶಾಮಣ್ಣ

ಶಾಮಣ್ಣನವರು ಯಾರನ್ನು ಕಂಡರೂ ಹೆಸರು ಕೇಳುವ ಮೊದಲು "ಖಾಯಂ ಆಗಿದ್ದು ಯಾವತ್ತು?" ಎಂದು ಕೇಳುತ್ತಿದ್ದರು. ಹಾಲು ಹಾಕುವವಳನ್ನೂ ಬಿಟ್ಟವರಲ್ಲ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ರಸ್ತೆಯಲ್ಲಿದ್ದವರೆಲ್ಲ ರೈಲ್ವೆಯವರು. ಯಾರ ಮನೆಯ ಊಟಕ್ಕೂ ಪಂಕ್ತಿ ಕೂರಿಸುವವರು ಶಾಮಣ್ಣನವರೇ, ಅದೂ ಸರ್ವೀಸಿನ ಪ್ರಕಾರ. ನನ್ನ ತಮ್ಮನ ನಾಮಕರಣದ ದಿನ ನಮ್ಮಪ್ಪ ತಮ್ಮ ಮನೆಯಲ್ಲೇ ಆರನೆಯ ಎಲೆಯಲ್ಲಿ ಕೂತು ಉಂಡರು.

ಶಾಮಣ್ಣನವರು ಸಂಸ್ಥಾನದ ರೈಲ್ವೆ ಕಚೇರಿಯಲ್ಲಿ ಹೆಡ್ ಕ್ಲಾರ್ಕು, ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ರೈಲ್ವೆಗಳೆಲ್ಲ ಕೇಂದ್ರ ಸರ್ಕಾರದ ಕೈಸೇರಿದಾಗ ನಮ್ಮದನ್ನೂ ಪಕ್ಕದ ಎರಡನ್ನೂ ಕೂಡಿಸಿ ಒಂದು ಮಾಡಿದರು. ಮೂರು ಕಡೆಯ ನೌಕರರಿಗೂ ಒಂದೇ ಸೀನಿಯಾರಿಟಿ ಪಟ್ಟಿ. ಉಳಿದವರು ಕೆಲಸಕ್ಕೆ ಸೇರಿದ ತಾರೀಖು ಬರೆದು ಕಳಿಸಿದರು. ನಮ್ಮವರ ಪಟ್ಟಿ ಬರೆದ ಶಾಮಣ್ಣನವರು ಮಾತ್ರ ಖಾಯಂ ಆದ ತಾರೀಖು ಹಾಕಿದರು. ನಮ್ಮಲ್ಲಿ ಖಾಯಂ ಆಗಲು ಏಳೆಂಟು ವರ್ಷ ಹಿಡಿಯುತ್ತಿತ್ತು.

ಅಪ್ಪ ಅವರ ಜಗಲಿಯ ಕೆಳಗೆ ನಿಂತು ಬೇಡಿಕೊಂಡದ್ದು ನನಗೆ ನೆನಪಿದೆ.

"ಸಾರ್, ಹೀಗ್ ಬರೆದ್ರೆ ನಾವೆಲ್ಲ ತಳಕ್ಕೆ ಹೋಗ್ತೀವಿ. ಬರೋ ವರ್ಷ ನಾನು ಮೇಲ್ ಗಾಡಿಗೆ ಗಾರ್ಡ್ ಆಗೋದಿದೆ."

"ಖಾಯಂ ಆಗದೋನು ನೌಕರನೇ ಅಲ್ಲ ಕಣಯ್ಯ ನಂಜುಂಡ. ನಂದೂ ಹಾಗೇ ಬರ್ದಿದೀನಿ, ಬಂದು ನೋಡ್ಕೋ."

ನಿಜಕ್ಕೂ ಹಾಗೇ ಬರೆದಿದ್ದರು. ಪಟ್ಟಿ ಅಚ್ಚಾಗಿ ಬಂದಾಗ ಅಪ್ಪನ ಹೆಸರು ಕೊನೆಯ ಹಾಳೆಯಲ್ಲಿತ್ತು. ಶಾಮಣ್ಣನವರ ಕುರ್ಚಿಯಲ್ಲಿ ಅವರಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಬಂದು ಕೂತ. ಅವನನ್ನು ಕಂಡಾಗ ಇವರು ಎದ್ದು ನಿಲ್ಲಬೇಕಾಯಿತು. ಆದರೂ ಒಂದು ದಿನವೂ ಗೊಣಗಲಿಲ್ಲ, ಮಹಾರಾಯರು! ಅವರನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಜೊತೆಗೆ ಒಂದಿಷ್ಟು ಗೌರವವೂ. ಅಪ್ಪ ಗೂಡ್ಸ್ ಗಾಡಿಯಲ್ಲೇ ರಿಟೈರಾದರು.

ಅರವತ್ತರ ದಶಕದಲ್ಲಿ ಶಾಮಣ್ಣನವರಿಗೆ ಲಕ್ವಾ ಹೊಡೆದು ಮಾತು ನಿಂತಿತು. ಅಪ್ಪ ಪ್ರತಿ ಭಾನುವಾರ ಹೋಗಿ ಅವರಿಗೆ ಏನಾದರೂ ಓದಿ ಹೇಳಿ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋದೆ. ಅವರ ಹೆಂಡತಿ ಸಾವಿತ್ರಮ್ಮ ಕಾಫಿ ಕೊಡುತ್ತ, "ನಿಮ್ಮಪ್ಪಂದು ದೊಡ್ಡ ಮನಸ್ಸು ಕಣೇ. ಮಕ್ಕಳೂ ಹೀಗ್ ಬಂದು ಕೂರಲ್ಲ" ಎಂದು ಕಣ್ಣೊರೆಸಿಕೊಂಡರು. ನಾನು ಕೋಣೆಗೆ ಇಣುಕಿದೆ. ಅಪ್ಪನ ಕೈಯಲ್ಲಿದ್ದದ್ದು ಪೇಪರಲ್ಲ, ಆ ಹಳೆಯ ಪಟ್ಟಿ.

"ಸಂಜೀವಿ, ಗಾರ್ಡು. ನನಗಿಂತ ಆರು ವರ್ಷ ತಡವಾಗಿ ಸೇರ್ದೋನು. ಮೇಲ್ ಗಾಡಿ ಸಿಕ್ತು," ಎಂದು ಓದಿ, ಮುದುಕರ ಮುಖವನ್ನೊಮ್ಮೆ ನೋಡಿ, ಮುಂದಿನ ಹೆಸರಿನ ಮೇಲೆ ಬೆರಳಿಟ್ಟರು. ಶಾಮಣ್ಣನವರ ಕಣ್ಣಿಂದ ನೀರು ಇಳಿಯುತ್ತಿತ್ತು. ಅಪ್ಪ ಅದನ್ನು ತಮ್ಮ ಟವೆಲಿನಿಂದ ಮೆತ್ತಗೆ ಒರೆಸಿ ಮತ್ತೆ ಓದಿದರು. ನಾನು ಅಮ್ಮನಿಗೂ ಹೇಳಲಿಲ್ಲ, ಅಪ್ಪನನ್ನು ತಡೆಯಲೂ ಇಲ್ಲ.

ಶಾಮಣ್ಣನವರು ಹೋದ ಸುದ್ದಿ ಒಂದು ಶನಿವಾರ ಬೆಳಿಗ್ಗೆ ಬಂತು. ಅಪ್ಪ ಷರಟು ಹಾಕಿಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ಇನ್ನೂ ಎರಡು ಹಾಳೆ ಇತ್ತು," ಎಂದರು. "ನನ್ನ ಹೆಸರು ಬಂದೇ ಇರ್ಲಿಲ್ಲ."