ನೂರು ಡಿಗ್ರಿಯ ಜಗಳ

ನನ್ನ ವಾರಗಿತ್ತಿಯನ್ನು ಲಾಂಡ್ರಿಯಲ್ಲಿ ಎಲ್ಲರೂ 'ಯಾಕಮ್ಮ' ಎಂದೇ ಕರೆಯುವುದು. ಬಾಯಿ ಬಿಟ್ಟರೆ ಮೊದಲು ಬರುವ ಮಾತು 'ಯಾಕೆ' ಎಂಬುದೇ ಆದ್ದರಿಂದ ಅಂಟಿದ ಹೆಸರು. ನಾನು ಮನೆಯ ಕಿರಿಯ ಸೊಸೆ, ಅವಳನ್ನು ಅಕ್ಕ ಅನ್ನುತ್ತೇನೆ. ಇಬ್ಬರದೂ ಒಂದೇ ಅಡುಗೆಮನೆ, ಕೆಲಸವೂ ಒಂದೇ ಕಡೆ. ಹಾಗಾಗಿ ಅವಳ ಪ್ರಶ್ನೆಗಳಿಂದ ಮಿಕ್ಕವರೆಲ್ಲ ತಪ್ಪಿಸಿಕೊಂಡರೂ ನನಗೆ ಆ ಭಾಗ್ಯವಿರಲಿಲ್ಲ. ಒದ್ದೆ ಬಟ್ಟೆ ಮುಟ್ಟಿದರೆ ತಣ್ಣಗಿರುತ್ತೆ ಯಾಕೆ, ಸೋಪಿಗೆ ಜಿಡ್ಡು ಬಿಡುತ್ತೆ, ಬರೀ ನೀರಿಗೆ ಬಿಡಲ್ಲ ಯಾಕೆ? ನನಗೇನು ಗೊತ್ತು? ಸುಮ್ಮನೆ ಬಟ್ಟೆ ಮಡಚು ತಾಯಿ ಎಂದು ಕೈ ಮುಗಿಯುತ್ತಿದ್ದೆ.

ನಮ್ಮದು ದೊಡ್ಡ ಆಸ್ಪತ್ರೆಯ ಲಾಂಡ್ರಿ. ಹಾಸಿಗೆಯ ಬಟ್ಟೆಗಳು, ಆಪರೇಷನ್ ಕೋಣೆಯ ಹಸಿರು ನಿಲುವಂಗಿಗಳು ರಾಶಿ ರಾಶಿಯಾಗಿ ಬಂದು ಬೀಳುತ್ತವೆ. ಒಗೆದ ಮೇಲೆ ಅವನ್ನು ಹಬೆಯಿಂದ ಕಾಯುವ ಪ್ರೆಸ್ಸಿನಲ್ಲಿ ಹಾಸಿ ಒತ್ತುವುದು ನಮ್ಮ ಕೆಲಸ. ಹಬೆ ಬರುವುದು ಗೋಡೆಯ ಆಚೆಗಿನ ಬಾಯ್ಲರ್‌ನಿಂದ. ಅದನ್ನು ನಡೆಸುವವರು ಬಾಯ್ಲರ್ ತಾತ. ಊಟದ ಬಿಡುವಿನಲ್ಲಿ ನಾವೆಲ್ಲ ಕಾಲು ಚಾಚಿ ಹರಟುತ್ತಿದ್ದರೆ ಅಕ್ಕ ಮಾತ್ರ ತಾತನ ಬಾಗಿಲಲ್ಲಿ ನಿಂತು ಬಿಸಿ ತೋರಿಸುವ ಮುಳ್ಳು ಏರುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ಬಾಯ್ಲರ್ ತನ್ನ ಕೈಗೆ ಬರಬೇಕೆಂಬುದು ಅವಳ ಆಸೆ. ಆಸೆ ಎಂದರೆ ಕಡಿಮೆಯಾಯಿತು, ಹುಚ್ಚು.

ತಾತ ನಿವೃತ್ತರಾಗುವ ವರ್ಷ ಬಂತು. "ನನ್ನ ಜಾಗಕ್ಕೆ ಈ ಯಾಕಮ್ಮನ್ನೇ ಹಾಕಿ" ಎಂದು ಅವರೇ ಬಾಯಿ ಬಿಟ್ಟು ಹೇಳಿದರು. ಸೂಪರ್‌ವೈಸರ್ ತಲೆ ಅಲ್ಲಾಡಿಸಿದ. ಹತ್ತನೇ ತರಗತಿ ಪಾಸಾಗದವರಿಗೆ ತರಬೇತಿಯಿಲ್ಲ, ತರಬೇತಿಯಿಲ್ಲದೆ ಬಾಯ್ಲರ್ ಮುಟ್ಟುವ ಹಾಗಿಲ್ಲ. ಸಂಜೆ ಶಾಲೆಗೆ ಹೋಗಿ ಅಕ್ಕ ಮಿಕ್ಕ ವಿಷಯಗಳನ್ನೆಲ್ಲ ಮುಗಿಸಿದ್ದಳು. ವಿಜ್ಞಾನದಲ್ಲಿ ಮಾತ್ರ ಎರಡು ಸಲ ಡುಮ್ಕಿ. ಈ ಸಲವೂ ಹೋದರೆ ಹೊರಗಿನವರು ಬಂದು ಕೂರುತ್ತಾರೆ, ಅವಳು ಜೀವಮಾನವೆಲ್ಲ ಪ್ರೆಸ್ಸಿನ ಮುಂದೆಯೇ.

ಡುಮ್ಕಿ ಹೊಡೆಯಲು ಕಾರಣ ಕೇಳಿದರೆ ನೀವು ನಗುತ್ತೀರಿ. ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಬಾಯ್ಲರ್‌ನ ಮುಳ್ಳು ನೂರೈವತ್ತು ದಾಟಿ ನಿಂತಿರುವುದನ್ನು ಅಕ್ಕ ದಿನಾ ನೋಡುತ್ತಾಳೆ. ಪುಸ್ತಕ ಸುಳ್ಳು ಎಂಬುದು ಅವಳ ತೀರ್ಮಾನ. ಮೊದಲ ಸಲ ಪರೀಕ್ಷೆಯಲ್ಲಿ ಅದರ ಬಿಟ್ಟ ಸ್ಥಳವನ್ನು ತುಂಬದೆ ಬಂದಳು, ಒಂದೇ ಅಂಕದಿಂದ ಹೋಯಿತು. ಎರಡನೇ ಸಲ ಅದರ ಬಗ್ಗೆ ಪುಟಗಟ್ಟಲೆ ವಾದ ಬರೆಯುತ್ತ ಕೂತಳು, ಮಿಕ್ಕ ಪ್ರಶ್ನೆಗಳಿಗೆ ಹೊತ್ತೇ ಉಳಿಯಲಿಲ್ಲ.

"ಅಕ್ಕಾ, ನೂರು ಅಂತ ಬರೆದುಬಿಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ನಾನು ರೇಗಿದೆ.

"ಕಣ್ಣಾರೆ ಕಂಡಿದ್ದನ್ನ ಬಿಟ್ಟು ಬರೆಯೋಕೆ ಕೈ ಏಳಲ್ಲ ಕಣೇ" ಎಂದಳು.

ಅಷ್ಟರಲ್ಲಿ ಸಂಜೆ ಶಾಲೆಗೆ ಹೊಸ ಟೀಚರ್ ಬಂದರು. ಸಣ್ಣ ಆಳು, ದೊಡ್ಡ ಗಂಟಲು. ಅವರ ತರಗತಿಯಲ್ಲಿ ಒಂದು ಕಟ್ಟಳೆ: ಪ್ರಶ್ನೆ ಕೇಳಿದವರೇ ಎಲ್ಲರ ಮುಂದೆ ಅದನ್ನು ಮಾಡಿ ನೋಡಬೇಕು, ಉತ್ತರ ಆಮೇಲೆ. ಅಕ್ಕ ಮೊದಲ ದಿನವೇ ಎದ್ದು ನಿಂತು ಪುಸ್ತಕದ ಮೇಲೆ ದೂರು ಹೇಳಿದಳು. ಮಾರನೆಯ ಸಂಜೆ ಒಲೆ, ಪಾತ್ರೆ ಹೊತ್ತುಕೊಂಡು ಹೋಗುವ ಕರ್ಮ ನನ್ನದಾಯಿತು.

ನೀರು ಕುದಿಯಿತು. ಟೀಚರ್ ಕೊಟ್ಟ ಥರ್ಮಾಮೀಟರ್ ನೂರಕ್ಕೆ ಬಂದು ನಿಂತಿತು. ಅಕ್ಕ ಉರಿ ಜೋರು ಮಾಡಿದಳು. ನೀರು ತಕಪಕ ಕುಣಿಯಿತೇ ಹೊರತು ಪಾದರಸ ಜಪ್ಪಯ್ಯ ಎಂದರೂ ಮೇಲೇರಲಿಲ್ಲ. ಅಕ್ಕನ ಮುಖ ಇಷ್ಟೇ ಇಷ್ಟಾಯಿತು.

"ಹಾಗಾದ್ರೆ ನಮ್ಮ ಬಾಯ್ಲರ್ ಸುಳ್ಳು ಹೇಳುತ್ತಾ ಟೀಚರ್?"

"ಅದೂ ಸುಳ್ಳು ಹೇಳಲ್ಲ. ಇದನ್ನ ಹಿಡೀರಿ."

ಟೀಚರ್ ಕೊಟ್ಟದ್ದು ಸೂಜಿಯಿಲ್ಲದ ದಪ್ಪ ಸಿರಿಂಜು. ಕುದಿಯುವುದು ನಿಂತು ಸ್ವಲ್ಪ ಆರಿದ ನೀರನ್ನು ಅದಕ್ಕೆ ಎಳೆದು, ತುದಿಯನ್ನು ಹೆಬ್ಬೆರಳಿಂದ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಹಿಂದಕ್ಕೆ ಜಗ್ಗಲು ಹೇಳಿದರು. ಅಕ್ಕ ಹಲ್ಲು ಕಚ್ಚಿ ಜಗ್ಗಿದಳು. ಸಿರಿಂಜಿನೊಳಗೆ ನೀರು ಬುಳುಬುಳು ಕುದಿಯತೊಡಗಿತು! ಕೆಳಗೆ ಬೆಂಕಿಯಿಲ್ಲ, ಒಲೆಯಿಲ್ಲ. ನಾನೂ ಬೆಪ್ಪಾಗಿ ಬೆಂಚಿನಿಂದ ಎದ್ದು ನಿಂತೆ.

"ನೀರಿನ ಮೇಲೆ ಸದಾ ಗಾಳಿಯ ಒತ್ತಡ ಇರುತ್ತೆ. ಅದನ್ನ ತಳ್ಳಿಕೊಂಡೇ ಹಬೆಯ ಗುಳ್ಳೆ ಏಳಬೇಕು" ಎಂದರು ಟೀಚರ್. "ನೀವು ಜಗ್ಗಿದಾಗ ಒಳಗಿನ ಒತ್ತಡ ಕಡಿಮೆ ಆಯ್ತು, ಕಡಿಮೆ ಬಿಸಿಗೇ ಕುದೀತು. ಒತ್ತಡ ಜಾಸ್ತಿ ಆದ್ರೆ?"

ಅಕ್ಕ ಕೈಯಲ್ಲಿದ್ದ ಸಿರಿಂಜನ್ನು ಇನ್ನೊಮ್ಮೆ ಜಗ್ಗಿ ನೋಡಿದಳು. ಆಮೇಲೆ ಕೂಗಿದ ಕೂಗಿಗೆ ಪಕ್ಕದ ತರಗತಿಯವರು ಬಾಗಿಲಿಗೆ ಬಂದರು. "ಜಾಸ್ತಿ ಬಿಸಿ ಬೇಕು! ಬಾಯ್ಲರ್ ಎಲ್ಲಾ ಕಡೆ ಮುಚ್ಚಿದೆ. ಹಬೆ ಒಳಗೇ ಸೇರಿಕೊಂಡು ನೀರನ್ನ ಅದುಮುತ್ತೆ. ಅದಕ್ಕೇ ನೂರಕ್ಕೆ ಕುದಿಯೋಕೆ ಬಿಡಲ್ಲ!"

"ಮನೆ ಕುಕ್ಕರ್ ಮಾಡೋದೂ ಅದನ್ನೇ" ಎಂದು ಟೀಚರ್ ನಕ್ಕರು. ನಾನು ಹಣೆ ಚಚ್ಚಿಕೊಂಡೆ. ದಿನಾ ಸೀಟಿ ಎಣಿಸುವವಳು ನಾನೇ.

ಟೀಚರ್ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. 'ಸಾಮಾನ್ಯ ವಾಯುಭಾರದಲ್ಲಿ' ಎಂದು ಸಾಲು ಶುರುವಾಗುತ್ತಿತ್ತು. ಅಷ್ಟು ವರ್ಷ ಅಕ್ಕ ಅದನ್ನು ಓದಿಯೇ ಇರಲಿಲ್ಲವೇ? ಓದಿದ್ದಳಂತೆ. "ಹೆಸರಿನ ಮುಂದೆ ಶ್ರೀಮತಿ ಅಂತ ಹಾಕಲ್ವಾ, ಹಾಗೆ ಮರ್ಯಾದೆಗೆ ಹಾಕಿದ್ದಾರೆ ಅಂದ್ಕೊಂಡಿದ್ದೆ" ಎಂದಳು. ತರಗತಿಯಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಅಂದಿನಿಂದ ಅವಳನ್ನು ಹಿಡಿಯುವವರೇ ಇಲ್ಲ. ಜಗಳವಾಡಿದ ಪುಸ್ತಕದ ಜೊತೆ ರಾಜಿಯಾಗಿ, ಪ್ರತಿ ಸಾಲಿನ ಪ್ರತಿ ಪದವನ್ನೂ ಕೆದಕಿ ಓದಿದಳು. ಭಾವನ ಊಟದ ತಟ್ಟೆಯ ಪಕ್ಕದಲ್ಲೇ ಆಮ್ಲ, ಪ್ರತ್ಯಾಮ್ಲ. ಪಾಪ, ಅವರು ಉಸಿರೆತ್ತದೆ ಉಂಡೇಳುತ್ತಿದ್ದರು. ಪರೀಕ್ಷೆಯ ದಿನ ಟೀಚರ್ ಹೇಳಿದ್ದು ಒಂದೇ ಮಾತು: "ಬರೆದು ಮುಂದಿನದಕ್ಕೆ ಹೋಗಿ. ಜಗಳ ಇದ್ರೆ ಹೊರಗೆ ಬಂದು ನನ್ನ ಹತ್ರ ಆಡಿ."

ಫಲಿತಾಂಶ ಬಂದ ದಿನ ಸೂಪರ್‌ವೈಸರ್ ತನ್ನ ಫೋನಿನಲ್ಲಿ ನೋಡಿ, ನಂಬಿಕೆಯಿಲ್ಲದೆ ಇನ್ನೊಮ್ಮೆ ನೋಡಿದ. ಪಾಸು. ಎಲ್ಲ ವಿಷಯಗಳಿಗಿಂತ ವಿಜ್ಞಾನದಲ್ಲೇ ಹೆಚ್ಚು ಅಂಕ. ಅಕ್ಕ ಒಗೆದಿಟ್ಟ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಅತ್ತಳು. ಆ ಬಟ್ಟೆಗಳನ್ನು ಮತ್ತೆ ಒಗೆಯಬೇಕಾಯಿತು, ಯಾರೂ ಗೊಣಗಲಿಲ್ಲ.

ತರಬೇತಿ ಮುಗಿಯಿತು, ಸರ್ಟಿಫಿಕೇಟೂ ಬಂತು. ಅವಳ ಮೊದಲ ಬೆಳಗ್ಗೆ ತಾತ ಕೈ ಕಟ್ಟಿಕೊಂಡು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತರು. ಒಳಗೆ ಅಕ್ಕ ಒಬ್ಬಳೇ. ನಾವು ಒದ್ದೆ ಬಟ್ಟೆ ಹಿಡಿದು ಪ್ರೆಸ್ಸುಗಳ ಮುಂದೆ ನಿಂತಿದ್ದೆವು. ಹೊತ್ತಾಯಿತು. ಸೂಪರ್‌ವೈಸರ್ ಗಡಿಯಾರ ನೋಡಿದ. ಕೊಳವೆಯಲ್ಲಿ ಸಣ್ಣಗೆ ಸದ್ದಾಯಿತು, ಪ್ರೆಸ್ಸು ಬೆಚ್ಚಗಾಯಿತು, ಬಿಸಿಯಾಯಿತು. ಮೊದಲ ಬಟ್ಟೆಯನ್ನು ನಾನೇ ಹಾಸಿ ಒತ್ತಿದೆ. ಒಂದು ಸುಕ್ಕಿಲ್ಲದೆ, ಗರಿಗರಿಯಾಗಿ ಬಂತು.

ಗೋಡೆಯ ಆಚೆಯಿಂದ ಅಕ್ಕನ ಗಂಟಲು ಕೇಳಿಸಿತು. "ಹಬೆ ಸಾಕೇನ್ರೇ? ಇನ್ನೂ ಬೇಕಾ?"

ಇಡೀ ಹಾಲ್ ಒಟ್ಟಿಗೆ ಕೂಗಿತು: "ಇನ್ನೂ ಬೇಕು!"