ಉರಿಯದ ಹನಿ

ಹಾನಗಲ್ಲಿನ ಒಂದು ಔಷಧ ಅಂಗಡಿಯಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮಾಲಕರ ಸರ್ಟಿಫಿಕೇಟು ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಔಷಧ ಕೊಡುವ ಕೈ ನನ್ನದಾಗಿತ್ತು. ಭತ್ತ ಒಕ್ಕುವ ಕಾಲಕ್ಕೆ ಧೂಳು ಬಿದ್ದು ಕಣ್ಣು ಕೆಂಪಾದವರು ಸಾಲಾಗಿ ಬರುತ್ತಿದ್ದರು. ಡಾಕ್ಟರ ಚೀಟಿ ಇದೆಯೇ ಎಂದು ನಾನು ಕೇಳುತ್ತಿರಲಿಲ್ಲ. ಕೆಳಗಿನ ಖಾನೆಯಿಂದ ಹೆಬ್ಬೆರಳಿನಷ್ಟು ಬಿಳಿ ಬಾಟಲಿ ತೆಗೆದು ಕೊಡುತ್ತಿದ್ದೆ. ಎರಡು ದಿನದಲ್ಲಿ ಕಣ್ಣು ತಿಳಿಯಾಗುತ್ತಿತ್ತು. ಮಂದಿ ನನ್ನನ್ನು ಡಾಕ್ಟರ ಎಂದೇ ಕರೆಯುತ್ತಿದ್ದರು. ನಾನು ಬೇಡ ಎನ್ನುತ್ತಿರಲಿಲ್ಲ.

ಅದು ಸ್ಟೆರಾಯ್ಡ್ ಹನಿ. ವೈದ್ಯರ ಸಲಹೆಯಿಲ್ಲದೆ ಹಾಕಬಾರದು, ಬಹಳ ದಿನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಗಬಹುದು ಎಂದು ಡಬ್ಬಿಯೊಳಗಿನ ಕಾಗದದಲ್ಲಿ ಇರುತ್ತಿತ್ತು. ನಾನು ಅದನ್ನು ಓದಿದ್ದೆ. ಓದಿರದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹಿರೇಕೆರೂರಿನ ಕಡೆಯ ಒಬ್ಬ ಗೋವಿನಜೋಳದ ವ್ಯಾಪಾರಿ ಹಾನಗಲ್ಲಿಗೆ ಬಂದಾಗಲೆಲ್ಲ ಎರಡು ಬಾಟಲಿ ಒಯ್ಯುತ್ತಿದ್ದರು. ಮೂರು-ನಾಲ್ಕು ವರ್ಷ ಹೀಗೇ ನಡೆಯಿತು. "ಡಾಕ್ಟರ, ನನ್ನ ಅಮೃತ ಕೊಡ್ರಿ" ಎನ್ನುತ್ತಿದ್ದರು. ಕೊನೆಯ ಸಲ ಬಂದಾಗ ಅರ್ಧ ಇಳಿಸಿದ್ದ ಶಟರ್‌ಗೆ ಅವರ ಹಣೆ ಬಡಿಯಿತು.

"ಏನ್ರಿ ಸಾವ್ಕಾರ್ರ, ಮುಂಜಾನೆನ ಕುಡಿಯಾಕ ಶುರು ಮಾಡೀರೇನು?" ಎಂದು ನಾನು ಚೇಷ್ಟೆ ಮಾಡಿದೆ.

ಅವರೂ ನಕ್ಕರು. ಆಮೇಲೆ ಅವರು ಅಂಗಡಿಗೆ ಬರಲಿಲ್ಲ.

ಕೆಲಸ ಬಿಟ್ಟ ಮೇಲೆ ನಾನು ಸವಣೂರಿಗೆ, ಅಕ್ಕನ ಮನೆಗೆ ಬಂದೆ. ನನ್ನ ಹೆಂಡತಿ ತೀರಿ ಆಗಲೇ ಬಹಳ ವರ್ಷವಾಗಿತ್ತು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವ್ವ ಸತ್ತಾಗ ನಾನು ಇನ್ನೂ ತೊಟ್ಟಿಲಲ್ಲಿದ್ದೆ. ಮನೆಯಲ್ಲಿ ಒಲೆ ಹಚ್ಚುವವರು ಬೇಕಾಯಿತು. ಅಕ್ಕ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಮದುವೆಯಾಗಿ ಸವಣೂರಿಗೆ ಬಂದವಳು ಗಂಡನ ಕುರುಕಲು ತಿಂಡಿಯ ಅಂಗಡಿಯಲ್ಲಿ ಖಾರ ಕರಿಯುವ ಕಡಾಯಿಯ ಮುಂದೆ ಕುಳಿತಳು. ಈಗ ಅಂಗಡಿಯನ್ನು ಅವಳ ಮಗ-ಸೊಸೆ ನೋಡಿಕೊಳ್ಳುತ್ತಾರೆ. ಆದರೂ ಎಣ್ಣೆಯ ಹದ ನೋಡುವುದು ಅಕ್ಕನ ಕೆಲಸ. ಕರಿದದ್ದನ್ನು ಎತ್ತುವ ಝಾರಾ ಅವಳ ಕೈ ಬಿಟ್ಟಿಲ್ಲ.

ನಲವತ್ತು ವರ್ಷದ ಎಣ್ಣೆಯ ಹಬೆ ಅವಳ ಕಣ್ಣನ್ನು ಏನು ಮಾಡಿತೋ, ಅದರ ಜೊತೆಗೆ ವಯಸ್ಸು ಏನು ಮಾಡಿತೋ, ನನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಂಡಿರುತ್ತಿತ್ತು. "ಒಳಗ ಮರಳು ತುಂಬಿದಂಗ ಆಗೇತಿ" ಎನ್ನುತ್ತಿದ್ದಳು. ತೀರಾ ಹೆಚ್ಚಾದಾಗ ನಾನು ಹಾನಗಲ್ಲಿನಿಂದ ತಂದಿಟ್ಟುಕೊಂಡಿದ್ದ ನನ್ನ ಬಿಳಿ ಬಾಟಲಿಯಿಂದ ನಾಲ್ಕು ದಿನ ಹಾಕುತ್ತಿದ್ದೆ. ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು.

ಶಿಗ್ಗಾವಿಯ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ತಪಾಸಣಾ ಶಿಬಿರವಾಯಿತು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಕ್ಕನ ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಪಟ್ಟಿ ಎಷ್ಟು ಒದ್ದೆಯಾಗುತ್ತದೆ ಎಂದು ನೋಡುವುದು. ತೆಗೆದಾಗ ಅದು ಹೆಚ್ಚುಕಡಿಮೆ ಒಣಗಿಯೇ ಇತ್ತು.

"ಕಣ್ಣು ಒಣಗೋದು ಅಂದ್ರ ಬರೇ ನೀರು ಕಮ್ಮಿ ಆಗೋದಲ್ಲ ಅಮ್ಮಾರ" ಎಂದರು ಡಾಕ್ಟರಮ್ಮ. "ನೀರು ಕಮ್ಮಿ ಆದ್ರ ಕಣ್ಣಿನ ಮ್ಯಾಲಿನ ಪದರ ಕೆರಳ್ತೈತಿ. ಅದಕ್ಕ ಉರಿಯೂತ ಅಂತೇವಿ. ಅದು ಕೆರಳಿದಷ್ಟೂ ನೀರು ಇನ್ನೂ ಕಮ್ಮಿ ಆಕೈತಿ. ಇದು ಅದನ್ನ ಹೆಚ್ಚ ಮಾಡ್ತೈತಿ, ಅದು ಇದನ್ನ."

"ಅತ್ತಿ-ಸೊಸಿ ಜಗಳ ಇದ್ದಂಗ ಅನ್ರಿ" ಎಂದಳು ಅಕ್ಕ.

ಡಾಕ್ಟರಮ್ಮ ಜೋರಾಗಿ ನಕ್ಕರು. ಆಮೇಲೆ ಅವರು ಮಾಡುತ್ತಿದ್ದ ಸಂಶೋಧನೆಯ ವಿಷಯ ಹೇಳಿದರು. ಉರಿಯೂತವನ್ನು ನಿಧಾನವಾಗಿ ಇಳಿಸುವ ಒಂದು ಹೊಸ ಹನಿಯನ್ನು ಪರೀಕ್ಷಿಸುತ್ತಿದ್ದರು. ಕೆಲವರಿಗೆ ಆ ಹನಿ, ಕೆಲವರಿಗೆ ಬರೀ ಕಣ್ಣು ತೇವವಾಗಿಡುವ ಹನಿ. ಎರಡೂ ಬಾಟಲಿ ಒಂದೇ ಥರ. ಮೇಲೆ ಸಂಖ್ಯೆ ಮಾತ್ರ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹಾಕಿದಾಗ ಉರಿಯಬಹುದು, ಗುಣ ಕಾಣಲು ತಿಂಗಳುಗಳೇ ಬೇಕು. ಮುಖ್ಯ ಶರತ್ತು ಒಂದೇ: ಅಲ್ಲಿಯತನಕ ಬೇರೆ ಯಾವ ಹನಿಯನ್ನೂ ಹಾಕಬಾರದು. ದಿನಾ ಕಣ್ಣು ಹೇಗಿತ್ತು ಎಂದು ಅವರು ಕೊಟ್ಟ ಪುಸ್ತಕದಲ್ಲಿ ಬರೆಯಬೇಕು.

"ನನ್ನ ಕಣ್ಣಿಂದ ಏನ ತಿಳೀತೈತಿ?" ಎಂದು ಅಕ್ಕ ಕೇಳಿದಳು.

"ನಿಮ್ಮಂಗ ಒಲಿ ಮುಂದ ಕುಂತ ಮಂದಿಗೆ ನಾಳೆ ಯಾವ ಹನಿ ಕೊಡಬೇಕು ಅನ್ನೋದು ತಿಳೀತೈತಿ."

ಅಕ್ಕ ಹೆಬ್ಬೆಟ್ಟು ಒತ್ತಿದಳು. ಪುಸ್ತಕ ಬರೆಯುವುದು ನಾನು ಎಂದಾಯಿತು. ಈ ಮೊದಲು ಏನಾದರೂ ಹನಿ ಹಾಕಿದ್ದಿರಾ ಎಂದು ಕೇಳಿದಾಗ, ಅಕ್ಕ ಬಾಯಿ ತೆರೆಯುವ ಮುಂಚೆ ನಾನೇ "ಏನಿಲ್ಲರಿ, ತಣ್ಣೀರು ಅಷ್ಟ" ಎಂದೆ. ಅಕ್ಕ ನನ್ನ ಮುಖ ನೋಡಿದಳು. ಔಷಧ ಅಂಗಡಿಯವನಿಗೆ ತನಗಿಂತ ಹೆಚ್ಚು ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾದಳು.

ಹೊಸ ಹನಿ ಉರಿಯಿತು. ದಿನಕ್ಕೆ ಎರಡು ಸಲ ನಾನು ಹಾಕುವಾಗ ಅಕ್ಕ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಮೂರು ವಾರವಾದರೂ ಕೆಂಪು ಇಳಿಯಲಿಲ್ಲ. ಬಿಟ್ಟುಬಿಡೋಣ ಎಂದೆ.

"ಮಾತು ಕೊಟ್ಟೇನಿ" ಎಂದಳು. "ಆ ಹುಡುಗಿ ಅಷ್ಟು ತಿಳಿಸಿ ಹೇಳೇತಿ. ತಡಕೋತೇನಿ."

ಅವಳು ತಡೆದುಕೊಂಡಳು. ನನಗೆ ತಡೆಯಲಾಗಲಿಲ್ಲ. ಅವಳ ನೋವು ನೋಡಲಾರದೆ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅರ್ಧ ಮಾತ್ರ ನಿಜ. ಉಳಿದರ್ಧ ಇಷ್ಟು: ನಾನು ಎರಡು ದಿನದಲ್ಲಿ ಇಳಿಸುವ ಕೆಂಪನ್ನು ಮೂರು ವಾರದಲ್ಲಿ ಇಳಿಸಲಾಗದವರು ಡಾಕ್ಟರು, ನಾನು ಅಂಗಡಿಯವನು, ಇದು ನನ್ನನ್ನು ಚುಚ್ಚುತ್ತಿತ್ತು. ಆಸ್ಪತ್ರೆಯ ಬಾಟಲಿಯ ಹನಿಯನ್ನು ಬಚ್ಚಲಿಗೆ ಹಿಂಡಿ ಚೆಲ್ಲತೊಡಗಿದೆ. ಖಾಲಿ ಬಾಟಲಿ ವಾಪಸು ಕೊಡಬೇಕಿತ್ತಲ್ಲ. ಅಕ್ಕನ ಕಣ್ಣಿಗೆ ನನ್ನ ಬಿಳಿ ಬಾಟಲಿಯಿಂದ ಹಾಕಿದೆ. ತಲೆ ಮೇಲೆತ್ತಿ ಮಲಗಿದವಳಿಗೆ ಕಾಣುವುದು ಬೀಳುವ ಹನಿ ಮಾತ್ರ.

"ಇವತ್ತ ಉರೀಲಿಲ್ಲ ನೋಡ ತಮ್ಮಾ" ಎಂದಳು ಅಕ್ಕ.

"ಕಣ್ಣಿಗೆ ರೂಢಿ ಆತು" ಎಂದೆ.

ಪುಸ್ತಕದಲ್ಲಿ "ಉರಿ ಕಡಿಮೆ" ಎಂದು ಬರೆದೆ. ಆ ವಾರದ ಕೊನೆಗೆ "ಉರಿ ಇಲ್ಲ" ಎಂದು ಬರೆದೆ. ನನ್ನ ಅಕ್ಷರ ಮೊದಲಿನಿಂದಲೂ ದುಂಡಗೆ.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಅಕ್ಕನ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿ, "ಅಮ್ಮಾರ, ಎಷ್ಟು ಛಲೋ ಆಗೇತ್ರಿ!" ಎಂದು ಅವಳ ಕೈ ಹಿಡಿದುಕೊಂಡರು. ಅಕ್ಕ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿದಳು. ಕಣ್ಣಿನ ಒತ್ತಡ ಸ್ವಲ್ಪ ಏರಿದೆ, ನೋಡೋಣ ಎಂದು ಡಾಕ್ಟರಮ್ಮ ಹೇಳಿದ್ದು ನನ್ನ ಕಿವಿಗೆ ಮಾತ್ರ ಬಿದ್ದಂತಿತ್ತು.

ಅದರ ನಂತರದ ಭೇಟಿಯಲ್ಲಿ ಅವರು ಒತ್ತಡವನ್ನು ಮೂರು ಸಲ ಅಳೆದರು. ನಗಲಿಲ್ಲ.

"ಬ್ಯಾರೆ ಏನರ ಹನಿ ಹಾಕೀರೇನ್ರಿ? ನೆನಪ ಮಾಡಿಕೊಂಡು ಹೇಳ್ರಿ."

"ಇಲ್ಲವಾ" ಎಂದಳು ಅಕ್ಕ. ದನಿ ಗಟ್ಟಿಯಾಗಿತ್ತು. "ಮಾತು ಕೊಟ್ಟ ಮ್ಯಾಲ ಯಾಕ ಹಾಕ್ಲಿ? ನನ್ನ ತಮ್ಮನ್ನ ಕೇಳ, ಅಂವನ ಎಲ್ಲಾ ಬರದಾನ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಇಬ್ಬರ ಕಣ್ಣೂ ನನ್ನ ಮೇಲಿದ್ದವು. ನಾನು ಪುಸ್ತಕವನ್ನು ಮುಂದೆ ಚಾಚಿದೆ.

"ಹಂಗಾದ್ರ ಇದು ನಮ್ಮ ಹನಿಯಿಂದನ ಆಗಿರಬಹುದು" ಎಂದರು ಅವರು ನಿಧಾನಕ್ಕೆ. "ಮ್ಯಾಲಿನವರಿಗೆ ಬರೀಬೇಕು. ಬ್ಯಾರೆಯವರಿಗೂ ಹನಿ ನಿಲ್ಲಿಸಬೇಕಾದೀತು." ಒತ್ತಡ ಇಳಿಸುವ ಬೇರೆ ಹನಿ ಕೊಟ್ಟು, ಸಂಶೋಧನೆಯ ಹನಿ ನಿಲ್ಲಿಸಿ, ಹತ್ತು ದಿನ ಬಿಟ್ಟು ಬರಲು ಹೇಳಿದರು.

ನಾನೂ ನನ್ನ ಬಾಟಲಿ ನಿಲ್ಲಿಸಿದೆ. ಒತ್ತಡ ಇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಆಸೆ. ಆದರೆ ನಾಲ್ಕನೆಯ ದಿನಕ್ಕೆ ಅಕ್ಕನ ಕಣ್ಣು ಮೊದಲಿಗಿಂತ ಕೆಂಪಾಯಿತು. ಬೆಳಕು ಸಹಿಸಲಾರದೆ ಅವಳು ಗೋಡೆಗೆ ಮುಖ ತಿರುವಿ ಕುಳಿತಳು. ನಾನು ಮತ್ತೆ ಬಾಟಲಿ ತೆಗೆದೆ.

ಎಂಟನೆಯ ದಿನ ಬೆಳಿಗ್ಗೆ ಅಕ್ಕ ಕಡಾಯಿಯ ಮುಂದೆ ಕುಳಿತಿದ್ದಳು. ಸೊಸೆ ಎಡಗಡೆ ಚಹಾದ ಲೋಟ ಇಟ್ಟು ಹೋದಳು. ಅಕ್ಕ ಬಲಗಣ್ಣಿಗೆ ಸೆರಗು ಒತ್ತಿಕೊಂಡು, ಬರೀ ಎಡಗಣ್ಣಿನಿಂದ ನೋಡುತ್ತ ಲೋಟಕ್ಕೆ ಕೈ ಚಾಚಿದಳು. ಕೈ ಲೋಟಕ್ಕೆ ಬಡಿದು ಚಹಾ ಚೆಲ್ಲಿತು.

"ಅಯ್ಯ, ಇಲ್ಲೇ ಇಟ್ಟಿದ್ದಳೇನು?" ಎಂದಳು. ಆಮೇಲೆ ಸೆರಗು ತೆಗೆದು, ಮತ್ತೆ ಬಲಗಣ್ಣು ಮುಚ್ಚಿ, ಲೋಟವನ್ನು ನೋಡಿದಳು. ಮತ್ತೊಮ್ಮೆ ಮುಚ್ಚಿ ನೋಡಿದಳು.

ನನಗೆ ಶಟರ್‌ಗೆ ಆ ವ್ಯಾಪಾರಿಯ ಹಣೆ ಬಡಿದ ಸದ್ದು ಮತ್ತೆ ಕೇಳಿಸಿತು.

ಹತ್ತನೆಯ ದಿನದವರೆಗೆ ಕಾಯಲಿಲ್ಲ. ಅವತ್ತೇ ಅಕ್ಕನನ್ನು ಶಿಗ್ಗಾವಿಯ ಬಸ್ಸಿಗೆ ಹತ್ತಿಸಿದೆ. ಬಿಳಿ ಬಾಟಲಿ ಅಂಗಿಯ ಕಿಸೆಯಲ್ಲಿತ್ತು. ದಾರಿಯುದ್ದಕ್ಕೂ, ಅಕ್ಕನಿಗೆ ತಿಳಿಯದಂತೆ ಡಾಕ್ಟರಮ್ಮನಿಗೆ ಮಾತ್ರ ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಅಲ್ಲಿ ಹೋದ ಮೇಲೆ "ಅಕ್ಕನ್ನ ಹೊರಗ ಕುಂದರಸ್ರಿ" ಎಂದೆ. "ಯಾಕ? ನನ್ನ ಕಣ್ಣಲ್ಲೇನು?" ಎಂದು ಅಕ್ಕ ಅಲ್ಲೇ ಕುಳಿತಳು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಮೂರನೆಯ ವಾರದಿಂದ ಅಕ್ಕನ ಕಣ್ಣಿಗೆ ಬಿದ್ದದ್ದು ಇದು, ಅದಕ್ಕೂ ಮೊದಲು ಆಗಾಗ ಬಿದ್ದದ್ದೂ ಇದು, ಪುಸ್ತಕದಲ್ಲಿ ಬರೆದದ್ದು ಸುಳ್ಳು ಎಂದು ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಬಾಟಲಿ ತಿರುಗಿಸಿ ನೋಡಿದರು. "ಇದು ವಿಷ ಅಲ್ಲರಿ ಅಜ್ಜಾರ. ಉರಿಯೂತ ಜೋರಾದಾಗ ನಾವೂ ಇದನ್ನ ಕೊಡ್ತೇವಿ. ಸ್ವಲ್ಪ ದಿನ ಅಷ್ಟ. ನಡುವ ಒತ್ತಡ ಅಳೀತೇವಿ. ನೀವು ಅಳೀಲಿಲ್ಲ." ಬಾಟಲಿ ಕೆಳಗಿಟ್ಟು ಅಂದರು: "ಇವತ್ತ ಹೇಳದಿದ್ರ, ನಮ್ಮ ಹನಿ ಕಣ್ಣು ಕೆಡಸ್ತೈತಿ ಅಂತ ನಾ ಬರದು ಕಳಸ್ತಿದ್ದೆ. ಅಮ್ಮಾರದು ಇನ್ನ ಈ ಸಂಶೋಧನೆಯೊಳಗ ಹಿಡಿಯಾಕ ಬರಾಂಗಿಲ್ಲ."

ಯಂತ್ರದ ಮುಂದೆ ಕೂರಿಸಿ ನೋಡಿದಾಗ, ಎಡಗಣ್ಣಿನ ನೋಟದಲ್ಲಿ ಒಂದು ಭಾಗ ಹೋಗಿತ್ತು. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಜೀವಮಾನವಿಡೀ ಒತ್ತಡದ ಹನಿ ಹಾಕಬೇಕು.

ಅಕ್ಕ ವಾಪಸು ಬರುವಾಗ ಹೆಣ್ಣುಮಕ್ಕಳ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ಚೀಲ ಇಟ್ಟುಕೊಂಡಳು. ಸವಣೂರಿನಲ್ಲಿ ಇಳಿದ ಮೇಲೆ ಒಂದೇ ಮಾತು ಹೇಳಿದಳು. "ಕಣ್ಣಿಂದು ಬಿಡು. ನಾ ಕೊಟ್ಟ ಮಾತು ನೀ ಮುರದಿ. ಅದೂ ನನ್ನ ಬಾಯಿಲೆ ಸುಳ್ಳು ಹೇಳಿಸಿ."

ಹದಿನೈದು ದಿನ ಅವಳೇ ಕನ್ನಡಿ ಹಿಡಿದು ಹನಿ ಹಾಕಿಕೊಳ್ಳಲು ನೋಡಿದಳು. ಅರ್ಧ ಗಲ್ಲಕ್ಕೆ ಬೀಳುತ್ತಿತ್ತು. ಸೊಸೆಯ ಕೈ ಖಾರದಲ್ಲಿರುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಮುಚ್ಚಳ ತೆಗೆದೆ. ಅವಳು ಕಣ್ಣು ಬಿಡಲಿಲ್ಲ.

"ಮೊದಲ ಓದು" ಎಂದಳು. "ಸಾಲಿ ಕಲತಾಂವ ನೀ ಅಲ್ಲಾ? ಮ್ಯಾಲ ಏನ ಬರದೈತಿ, ಎಲ್ಲಾ ಓದು. ಸಣ್ಣ ಅಕ್ಷರನೂ."

ಅಂದಿನಿಂದ ದಿನಾ ಓದುತ್ತೇನೆ.

ಹೋದ ತಿಂಗಳು ನಾನು ಹಿರೇಕೆರೂರಿಗೆ ಹೋಗಿದ್ದೆ. ಕಾಳಿನ ಪೇಟೆಯಲ್ಲಿ ಆ ವ್ಯಾಪಾರಿಯ ಬಗ್ಗೆ ವಿಚಾರಿಸಿದೆ. ಈಗ ಮಗ ವ್ಯಾಪಾರ ನೋಡುತ್ತಾನೆ, ಅವರಿಗೆ ಕಣ್ಣು ಕಾಣುವುದಿಲ್ಲ, ಮನೆಯಲ್ಲೇ ಇರುತ್ತಾರೆ ಎಂದರು. ಓಣಿಯನ್ನೂ ತೋರಿಸಿದರು. ನಾನು ಓಣಿಯ ಅರ್ಧದವರೆಗೆ ಹೋದೆ. ಕಟ್ಟೆಯ ಮೇಲೆ ಒಬ್ಬರು ಕೋಲು ಹಿಡಿದು ಕುಳಿತಿದ್ದರು. ನನ್ನ ಹೆಜ್ಜೆ ಕೇಳಿ "ಯಾರದು?" ಎಂದರು. ನಾನು ಉತ್ತರ ಕೊಡದೆ ಬಸ್ ನಿಲ್ದಾಣಕ್ಕೆ ತಿರುಗಿಬಿಟ್ಟೆ. ನನ್ನ ಕೈಯಿಂದ ಬಿಳಿ ಬಾಟಲಿ ಒಯ್ದವರು ಇನ್ನೂ ಎಷ್ಟು ಜನರಿದ್ದಾರೋ. ಯಾರಾದರೂ ಇದನ್ನು ಓದಿದರೆ ದಯವಿಟ್ಟು ಕಣ್ಣಿನ ಒತ್ತಡ ಅಳೆಸಿಕೊಳ್ಳಿ.

ಮರುದಿನ ಬೆಳಿಗ್ಗೆ ಅಕ್ಕನ ಬಾಟಲಿ ಓದುವಾಗ ನನ್ನ ಮನಸ್ಸು ಆ ಓಣಿಯಲ್ಲೇ ಇತ್ತು. ಓದಿ ಮುಗಿಸಿ ಹನಿ ಹಿಡಿದೆ. ಅಕ್ಕ ಕಣ್ಣು ಬಿಡಲಿಲ್ಲ.

"ಒಂದ ಸಾಲು ಬಿಟ್ಟಿ" ಎಂದಳು. "ಡಾಕ್ಟರನ್ನ ಕೇಳದ ಹಾಕಬಾರದು ಅಂತ ಬರ್ತೈತಲ್ಲ, ಅದು."

ಅಕ್ಷರ ಬಾರದ ಅವಳಿಗೆ ಅಷ್ಟೂ ಬಾಯಿಪಾಠ ಆಗಿತ್ತು. ನಾನು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಿದೆ. ಮುಗಿದ ಮೇಲೆ ಅವಳು ಕಣ್ಣು ಬಿಟ್ಟಳು.